ಮಳೆ ಕಾಣದ ವೈಪರ್

ಅಲ್ ಗುಬ್ರಾ

ಋತುಚಕ್ರ ಸೃಷ್ಟಿಯ ಅತ್ಯಂತ ಪುರಾತನ ನಿಯಮ. ಸಾಮ್ರಾಜ್ಯಗಳು ಉರುಳಬಹುದು, ನದಿಗಳು ದಿಕ್ಕು ಬದಲಿಸಬಹುದು. ಚಳಿಗಾಲ ಮಾತ್ರ ಯಾರ ಅಪ್ಪಣೆಗೂ ಕಾಯದೆ ತನ್ನ ಹೊತ್ತಿಗೆ ತಾನು ಬರುತ್ತದೆ. ಒಮಾನಿಗೆ ಅದು ಬಂದಿದೆ ಎಂದು ನನಗೆ ತಿಳಿದದ್ದು ಒಬ್ಬ ಕಾರು ರಿಪೇರಿಯವನಿಂದ.

ಅಲ್ಲಿಯವರೆಗೆ ನನಗೆ ಅದರ ಸುಳಿವೇ ಇರಲಿಲ್ಲ. ತೊಂಬತ್ತರ ದಶಕದ ಒಂದು ಡಿಸೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಮಸ್ಕತ್ತಿನ ಅಲ್ ಗುಬ್ರಾದಲ್ಲಿದ್ದ ಮಗಳ ಮನೆಗೆ ಹೋಗಿದ್ದೆವು. ಹಗಲೆಲ್ಲ ಬನಿಯನ್ನಿನಲ್ಲಿ ಕೂರುವಂಥ ಹವೆ. ಬಾಲ್ಕನಿಯಿಂದ ನೋಡಿದರೆ ಉಪ್ಪುನೀರನ್ನು ಸಿಹಿನೀರು ಮಾಡುವ ಕಾರ್ಖಾನೆಯ ಚಿಮಣಿಗಳು, ಅದರಾಚೆ ಸಮುದ್ರ, ಮೇಲೆ ಒಂದು ತುಣುಕು ಮೋಡವೂ ಇಲ್ಲದ ಆಕಾಶ. ಹೀಗಿರುವಾಗ ಒಂದು ಸಂಜೆ ಅಳಿಯ ಉಮೇಶ ಆಫೀಸಿನಿಂದ ಬಂದು ಶೂ ಬಿಚ್ಚುತ್ತಾ ಹೇಳಿದ. (ಮನೆಯ ಮಾತು ತುಳು, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.)

"ಬುಧವಾರ ಗಾಡಿ ಗ್ಯಾರೇಜಿಗೆ ಬಿಡ್ಲಿಕ್ಕುಂಟು ಮಾವ. ಚಳಿಗಾಲಕ್ಕೆ ರೆಡಿ ಮಾಡಿಸ್ಬೇಕು."

"ಯಾವ ಚಳಿಗಾಲಕ್ಕೆ?"

"ಇದಕ್ಕೇ."

ನಾನು ನನ್ನ ಬನಿಯನ್ನನ್ನು ಒಮ್ಮೆ ನೋಡಿಕೊಂಡೆ. ಮಾತು ಬೆಳೆಸಲಿಲ್ಲ. ಆದರೆ ಮನಸ್ಸಿನಲ್ಲಿ ಗುರುತು ಹಾಕಿಟ್ಟೆ.

ನನ್ನ ಸ್ವಭಾವದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಉಡುಪಿಯ ಕಡೆಯ ಒಂದು ಖಾಸಗಿ ಬಸ್ ಕಂಪನಿಯಲ್ಲಿ ಮೂವತ್ತೊಂದು ವರ್ಷ ನಾನು ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿದ್ದೆ. ತಿರುವಿನಲ್ಲಿ ಮರದ ಮರೆಗೆ ನಿಂತು, ಬಸ್ಸು ಬಂದಾಗ ಕೈ ಅಡ್ಡ ಹಿಡಿದು ಹತ್ತಿ, ಟಿಕೆಟ್ಟಿಲ್ಲದವರನ್ನು ಹಿಡಿಯುವುದು ಕೆಲಸ. ಜನರನ್ನು ನಂಬುವುದಕ್ಕೆ ಕಂಪನಿ ನನಗೆ ಸಂಬಳ ಕೊಡುತ್ತಿರಲಿಲ್ಲ. ನಿವೃತ್ತಿಯ ದಿನ ಕೊಟ್ಟ ಶಾಲು ಈಗ ಎಲ್ಲಿದೆಯೋ ಗೊತ್ತಿಲ್ಲ, ಅಭ್ಯಾಸ ಮಾತ್ರ ಜೊತೆಗೇ ಬಂದಿದೆ.

ಅಲ್ ಗುಬ್ರಾದಲ್ಲಿ ಅದಕ್ಕೆ ಮೊದಲ ದಿನವೇ ಕೆಲಸ ಸಿಕ್ಕಿತು. ಸಂಜೆ ವಾಯುವಿಹಾರಕ್ಕೆ ಹೊರಟೆ. ಹತ್ತು ಹೆಜ್ಜೆ ಇಟ್ಟಿಲ್ಲ, ಒಂದು ಕಾರು ಪಕ್ಕದಲ್ಲಿ ನಿಂತಿತು. ಒಳಗಿದ್ದವನು ಹಿಂದಿಯಲ್ಲಿ, "ಬನ್ನಿ, ಕೂತ್ಕೊಳ್ಳಿ" ಎಂದ. ಬೇಡವೆಂದೆ. ಮುಂದಿನ ತಿರುವಿನಲ್ಲಿ ಇನ್ನೊಂದು. ಮೂರನೆಯ ಕಾರಿನವನು ಬಾಗಿಲನ್ನೇ ತೆರೆದ. ಅಪರಿಚಿತ ಮುದುಕನನ್ನು ಒಂದೇ ರಸ್ತೆಯಲ್ಲಿ ಮೂವರು ಹತ್ತಿಸಿಕೊಳ್ಳಲು ನೋಡುತ್ತಾರೆಂದರೆ ಅದರ ಹಿಂದೆ ಏನೋ ಇರಲೇಬೇಕು ಎಂದು ನಾನು ಬಂದ ದಾರಿಯಲ್ಲೇ ಬೇಗಬೇಗ ಮರಳಿದೆ. ವಿಚಾರಿಸಿದಾಗ ಗೊತ್ತಾಯಿತು: ಇಲ್ಲಿ ಕೊತ್ತಂಬರಿ ಸೊಪ್ಪು ತರಲಿಕ್ಕೂ ಜನ ಕಾರು ತೆಗೆಯುತ್ತಾರೆ, ನಡೆಯುವವನನ್ನು ಕಂಡರೆ ಅವನ ಗಾಡಿ ಕೆಟ್ಟಿದೆ ಎಂದೇ ಅರ್ಥ. ಮೂರನೆಯವನು ನಮ್ಮದೇ ಕಟ್ಟಡದ ಎರಡನೆಯ ಮಹಡಿಯವನಂತೆ. ಅವನು ಉಮೇಶನನ್ನು ಕೇಳಿದನಂತೆ: "ಯಾಕೆ, ಮಾವನಿಗೆ ಕಾರು ಕೊಡುದಿಲ್ವಾ ನೀನು?"

ಗಾಡಿಯನ್ನು ಸಜ್ಜುಗೊಳಿಸಲು ಒಂದು ಕಾರಣವಿತ್ತು. ಮಗಳು ಶೋಭಾ ಮತ್ತು ಎರಡನೆಯ ತರಗತಿಯ ಮೊಮ್ಮಗಳು ನಿಶಾಳ ವೀಸಾ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಅದರ ಕಾಗದಕ್ಕೆ ಉಮೇಶನ ಕಫೀಲ್, ಅಂದರೆ ಅವನ ಹೆಸರಿನ ಜವಾಬ್ದಾರಿ ಹೊತ್ತ ಒಮಾನಿ ಯಜಮಾನ, ಸಹಿ ಹಾಕಬೇಕು. ಆ ಯಜಮಾನರು ಚಳಿಗಾಲದಲ್ಲಿ ರುಸ್ತಾಕಿನ ತಮ್ಮ ಖರ್ಜೂರದ ತೋಟದಲ್ಲಿರುತ್ತಾರೆ. ಗುರುವಾರ ಮಧ್ಯಾಹ್ನದ ನಮಾಜು ಮುಗಿಸಿ ಮೆಕ್ಕಾದ ಉಮ್ರಾ ಯಾತ್ರೆಗೆ ಹೊರಡುವವರು; ಮರಳುವುದು ಯಾವಾಗ ಎಂದು ಅವರಿಗೇ ಗೊತ್ತಿಲ್ಲ. ಗುರುವಾರ ಮಧ್ಯಾಹ್ನದೊಳಗೆ ಸಹಿ ಸಿಕ್ಕದಿದ್ದರೆ ತಾಯಿ ಮಗಳಿಬ್ಬರೂ ನಮ್ಮ ಜೊತೆಯಲ್ಲೇ ಊರಿಗೆ ವಿಮಾನ ಹತ್ತಬೇಕು. ಶೋಭಾ ಆಗಲೇ ನಿಶಾಳ ಸ್ಕೂಲಿನ ಪುಸ್ತಕಗಳನ್ನು ಒಂದು ಕಡೆ ಜೋಡಿಸಿಡತೊಡಗಿದ್ದಳು.

ಇನ್ನೊಂದು ವಿಷಯವನ್ನೂ ಹೇಳಬೇಕು, ಇಷ್ಟವಿಲ್ಲದಿದ್ದರೂ. ಬಾಯಿಯಲ್ಲಿ ಬಿಳಿ ಮಚ್ಚೆ ಕಂಡ ಡಾಕ್ಟರು ಹೊಗೆಸೊಪ್ಪು ಬಿಡಿ ಎಂದಿದ್ದರು. ಬಿಟ್ಟೆ ಎಂದು ಮಗಳಿಗೆ ಪತ್ರ ಬರೆದಿದ್ದೆ. ಆ ಪತ್ರ ಬರೆಯುವ ಹೊತ್ತಿಗೆ ಬಾಯಿ ಖಾಲಿಯಿತ್ತು, ಆ ಮಟ್ಟಿಗೆ ಅದು ನಿಜ. ಊರಿನಿಂದ ಬರುವಾಗ ಕನ್ನಡಕದ ಡಬ್ಬಿಯಲ್ಲಿ ಒಂದಿಷ್ಟು ಎಲೆಯನ್ನು ಸುತ್ತಿ ತಂದಿದ್ದೆ. ಕನ್ನಡಕ ಸದಾ ಮೂಗಿನ ಮೇಲೆ, ಡಬ್ಬಿ ಸದಾ ಜೇಬಿನಲ್ಲಿ. ಇದರಲ್ಲಿರುವ ವಿರೋಧಾಭಾಸವನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಅವರಿಗೆ ಚೆಕಿಂಗಿನ ಅನುಭವ ಸಾಲದು.

ಅಲ್ ಮಬೇಲಾ

ಬುಧವಾರ ಬೆಳಿಗ್ಗೆ ಕಾರು ಒರೆಸುವ ನೆಪದಲ್ಲಿ ನಾನು ಬಾನೆಟ್ ಎತ್ತಿಸಿ, ಶೋಭಾಳ ಉಗುರುಬಣ್ಣದಿಂದ ಬ್ಯಾಟರಿ, ಬೆಲ್ಟು, ರೇಡಿಯೇಟರಿನ ಮುಚ್ಚಳ, ನಾಲ್ಕೂ ಟಯರು, ಎಲ್ಲದಕ್ಕೂ ಒಂದೊಂದು ಕೆಂಪು ಚುಕ್ಕೆ ಇಟ್ಟೆ. ಗ್ಯಾರೇಜಿನಲ್ಲಿ ಒಳ್ಳೆಯ ಸಾಮಾನು ತೆಗೆದು ಯಾರದೋ ಹಳತನ್ನು ತೊಳೆದು ಹಾಕುವುದು ನಮ್ಮ ಕಡೆ ಹೊಸ ವಿದ್ಯೆಯಲ್ಲ. ಮೊಮ್ಮಗಳು ನೋಡಿದಳು.

"ಅಜ್ಜ, ವೈ ಆರ್ ಯು ಪುಟಿಂಗ್ ಬೊಟ್ಟು ಫಾರ್ ದ ಕಾರ್?"

"ಪೂಜೆ" ಎಂದೆ.

ಅಲ್ ಮಬೇಲಾದಲ್ಲಿ ರಸ್ತೆಯುದ್ದಕ್ಕೂ ಶಟರ್ ಬಾಗಿಲಿನ ಗ್ಯಾರೇಜುಗಳು. ಉಮೇಶ ನನ್ನನ್ನೂ ಕಾರನ್ನೂ ಅಲ್ಲಿ ಬಿಟ್ಟು, "ಹಮೀದ್ ನಮ್ಮ ಜನವೇ ಮಾವ, ಹೇಳಿದ ಹಾಗೆ ಮಾಡ್ಲಿಕ್ಕೆ ಬಿಡಿ" ಎಂದು, ಹಿಂದೆಯೇ ಬಂದ ಸಹೋದ್ಯೋಗಿಯ ಕಾರು ಹತ್ತಿ ಆಫೀಸಿಗೆ ಹೋದ. ಹಮೀದ್ ಉಪ್ಪಿನಂಗಡಿಯವನಂತೆ. ನಲವತ್ತರ ಪ್ರಾಯ, ಕಿವಿಯ ಮೇಲೆ ಪೆನ್ಸಿಲ್, ಮುಖದಲ್ಲಿ ನಗು. ಪರದೇಶದಲ್ಲಿ ಊರಿನ ಕಡೆಯವನು ಸಿಕ್ಕಿದರೆ ಸಂತೋಷವಾಗುತ್ತದೆ ಎನ್ನುತ್ತಾರೆ. ಉಪ್ಪಿನಂಗಡಿ ರೂಟಿನಲ್ಲಿ ನಾನು ಏಳು ವರ್ಷ ಇದ್ದವನು. ನನ್ನ ಸಂತೋಷ ಮಿತವಾಗಿತ್ತು.

ಅವನು ಕಾರನ್ನು ಒಂದು ಸುತ್ತು ಹಾಕಿ ಹೇಳಿದ: "ಕೂಲೆಂಟ್ ಬದಲಿಸ್ಬೇಕು ಸಾರ್. ಬೆಲ್ಟ್, ಬ್ಯಾಟರಿ, ಹಿಂದಿನ ಎರಡು ಟಯರ್. ವೈಪರ್ ಎರಡೂ."

"ಚಳಿಯೇ ಇಲ್ಲ, ಬ್ಯಾಟರಿಗೆ ಎಂತ ಆಗಿದೆ?"

"ಅದು ಬೇಸಗೆಯಲ್ಲೇ ಬೆಂದು ಸತ್ತದ್ದು. ಸತ್ತದ್ದು ಗೊತ್ತಾಗುದು ಈಗ. ಬೆಳಿಗ್ಗೆ ಸ್ವಲ್ಪ ತಣ್ಣಗಾದ್ರೆ ಸ್ಟಾರ್ಟೇ ಆಗುದಿಲ್ಲ."

ಸತ್ತು ಮೂರು ತಿಂಗಳಾದ ಮೇಲೆ ಸಾವು ಗೊತ್ತಾಗುವುದು ನನಗೆ ಸರಿ ಕಾಣಲಿಲ್ಲ. ಅವನು ಮೀಟರ್ ಇಟ್ಟು ಮುಳ್ಳು ತೋರಿಸಿದ. ಮುಳ್ಳು ಮಲಗಿತ್ತು. ಬೆಲ್ಟನ್ನು ಬಗ್ಗಿಸಿ ತೋರಿಸಿದ. ಒಳಬದಿಯಲ್ಲಿ ಹಿಮ್ಮಡಿಯ ಹಾಗೆ ಒಡಕು. ಟಯರಿನ ಬದಿಗೆ ಸ್ಕ್ರೂಡ್ರೈವರ್ ಒತ್ತಿದರೆ ಅಲ್ಲೂ ಬಿರುಕು.

"ಇಲ್ಲಿ ವರ್ಷಕ್ಕೆ ಎರಡೋ ಮೂರೋ ಮಳೆ, ಅದೂ ಈ ಚಳಿಗಾಲದಲ್ಲಿ. ಮೊದಲ ಮಳೆಗೆ ವರ್ಷದ ಎಣ್ಣೆಜಿಡ್ಡೆಲ್ಲ ರಸ್ತೆಯಲ್ಲಿ ತೇಲ್ತದೆ. ಈ ಟಯರಿನಲ್ಲಿ ಹೋದ್ರೆ ಸಾಬೂನಿನ ಮೇಲೆ ಕಾಲಿಟ್ಟ ಹಾಗೆ."

ನಾನು ಒಂದು ಸ್ಟೂಲ್ ಹಾಕಿಸಿಕೊಂಡು ಕುಳಿತೆ. ತೆಗೆದ ಪ್ರತಿಯೊಂದು ಸಾಮಾನನ್ನೂ ನನ್ನ ಕಾಲಬುಡಕ್ಕೆ ತರಬೇಕೆಂದು ಹೇಳಿದೆ. ತಂದಿಟ್ಟ. ಚುಕ್ಕೆ ಇದ್ದದ್ದೆಲ್ಲ ಚುಕ್ಕೆಯೊಂದಿಗೇ ಬಂತು. ಬದಲಿಸಬೇಕಿಲ್ಲದ್ದು ಚುಕ್ಕೆಯೊಂದಿಗೇ ಅಲ್ಲಿ ಉಳಿಯಿತು. ಹೊಸತು ನನ್ನ ಕಣ್ಣೆದುರೇ ರಟ್ಟಿನ ಪೆಟ್ಟಿಗೆಯಿಂದ ಹೊರಬಂತು. ಎರಡು ಗಂಟೆ ಕಳೆದ ಮೇಲೆ ಈತ ಪ್ರಾಮಾಣಿಕನಿರಬಹುದೇ ಎಂಬ ಗಂಭೀರ ಸಂಶಯ ನನ್ನನ್ನು ಕಾಡತೊಡಗಿತು.

ಇದರ ಸಂಕಟ ಬೇರೆಯವರಿಗೆ ಅರ್ಥವಾಗಲಾರದು. ಮುಂದಿನ ಬಾಗಿಲಿನಿಂದ ಹಿಂದಿನ ಸೀಟಿನವರೆಗೆ ಇಡೀ ಬಸ್ಸು ತಪಾಸಣೆ ಮಾಡಿ ಒಬ್ಬನೂ ಸಿಕ್ಕದೆ ಇಳಿಯುವಾಗ ಕಂಡಕ್ಟರ್ ಒಂದು ನಗು ನಗುತ್ತಾನೆ. ಆ ನಗುವನ್ನು ತಪ್ಪಿಸಿಕೊಳ್ಳಲು ನಾನು ಎಷ್ಟೋ ಸಲ ಎರಡನೆಯ ಸುತ್ತು ಹೋದದ್ದುಂಟು. ಇಲ್ಲಿಯೂ ಹೋದೆ. ಹಮೀದ್ ಹೊಸ ವೈಪರಿನ ಪೊಟ್ಟಣ ಹರಿಯಲು ಹೊರಟಾಗ ಕೈ ಅಡ್ಡ ಹಿಡಿದೆ.

"ನಿಲ್ಲು. ಈ ಗಾಡಿ ಮಳೆ ನೋಡಿ ಎಷ್ಟು ಸಮಯವಾಯ್ತು?"

"ವರ್ಷದ ಮೇಲೆ ಆಯ್ತು."

"ಅಂದ್ರೆ ಈ ವೈಪರ್ ಒಂದು ವರ್ಷದಿಂದ ಒಂದು ಹನಿ ನೀರು ಒರೆಸಿಲ್ಲ."

"ಇಲ್ಲ."

"ಕೆಲಸವೇ ಮಾಡದ್ದು ಸವೆಯುದು ಹೇಗೆ ಮಾರಾಯ?"

ಅವನು ಪೆನ್ಸಿಲನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದ. "ಊರಲ್ಲಿ ಮಳೆ ತಿಂತದೆ ಸಾರ್. ಇಲ್ಲಿ ಬಿಸಿಲು ತಿಂತದೆ."

"ಬಿಸಿಲು ವೈಪರ್ ತಿಂದದ್ದು ನಾನು ಕೇಳಿದ್ದಿಲ್ಲ."

"ಆಗಸ್ಟಿನಲ್ಲಿ ಬಂದು ಆ ಬಾನೆಟಿನ ಮೇಲೆ ಒಂದು ಗಳಿಗೆ ಮಲಗಿ. ಆಮೇಲೆ ಮಾತಾಡುವ."

ನಮ್ಮ ಡಿಪೋದಲ್ಲಿ ಮೇ ಕೊನೆಗೆ ನಡೆಯುವ ಮಳೆಗಾಲದ ಸಿದ್ಧತೆಯನ್ನು ಕಂಡವನು ನಾನು. ಬಸ್ಸಿನ ಅಡಿಗೆಲ್ಲ ಹಳೆ ಆಯಿಲ್ ಹೊಡೆಯುವುದು, ಕಿಟಕಿಯ ಟರ್ಪಾಲು ಹೊಲಿಸುವುದು, ವೈಪರ್ ಬದಲಿಸುವುದು. ಜೂನಿನಲ್ಲಿ ಹಾಕಿದ ವೈಪರ್ ಸೆಪ್ಟೆಂಬರಿಗೆ ಚಿಂದಿ. ಕಬ್ಬಿಣ, ಮರ, ಬಟ್ಟೆ, ಮನುಷ್ಯ, ಯಾವುದನ್ನೇ ಆಗಲಿ ಹಾಳು ಮಾಡುವುದು ಮಳೆ ಎಂಬುದು ನಮ್ಮ ಕಡೆ ಹುಟ್ಟಿನಿಂದ ಬರುವ ಜ್ಞಾನ. ಎದುರಿಗಿದ್ದ ವೈಪರೋ ಕಪ್ಪಗೆ, ನೆಟ್ಟಗೆ, ಅಂಗಡಿಯಿಂದ ಈಗ ತಂದಂತಿತ್ತು. ಬೆರಳಿನಿಂದ ಮುಟ್ಟಿ ನೋಡುವ ಅಗತ್ಯವೂ ಕಾಣಲಿಲ್ಲ.

"ಇದು ಬೇಡ" ಎಂದೆ. ರಿಯಾಲಿನ ಪ್ರಶ್ನೆಯಲ್ಲ, ತತ್ವದ್ದು.

"ಖಲಾಸ್. ನಿಮ್ಮ ಮಾತು. ಆದ್ರೆ ಅಳಿಯನಿಗೆ ಹೇಳಿಬಿಡಿ, ಆಯ್ತಾ?"

"ಹೇಳ್ತೇನೆ" ಎಂದೆ. ಮಧ್ಯಾಹ್ನ ಉಮೇಶ ಬಂದು, "ಎಲ್ಲ ಆಯ್ತಾ ಮಾವ?" ಎಂದು ಕೇಳಿದಾಗ, "ಆಯ್ತು" ಎಂದಷ್ಟೇ ಹೇಳಿದೆ. ರುಸ್ತಾಕಿನಿಂದ ಒಣ ರಸ್ತೆಯಲ್ಲಿ ಮರಳುವಾಗ, ಎಲ್ಲರೂ ಕೇಳುವಂತೆ, ನಿಧಾನವಾಗಿ ಹೇಳಬೇಕೆಂದು ಆ ಸುದ್ದಿಯನ್ನು ತೆಗೆದಿಟ್ಟಿದ್ದೆ.

ರುಸ್ತಾಕ್ ದಾರಿ

ಗುರುವಾರ ಬೆಳಿಗ್ಗೆ ಐವರೂ ಹೊರಟೆವು. ಉಮೇಶನ ಪಕ್ಕದಲ್ಲಿ ನಾನು, ಹಿಂದೆ ಮೂವರು ಹೆಂಗಸರು, ಶೋಭಾಳ ತೊಡೆಯ ಮೇಲೆ ಪಾಸ್‌ಪೋರ್ಟುಗಳ ಚೀಲ. ಕಾರು ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. "ಬ್ಯಾಟರಿ ನೋಡಿದ್ರಾ ಮಾವ?" ಎಂದ ಉಮೇಶ. ಹಳೆಯದೂ ಆಗುತ್ತಿತ್ತೇನೋ ಎಂದುಕೊಂಡೆ.

ಬರ್ಕಾದ ಹತ್ತಿರ ಸಮುದ್ರಕ್ಕೆ ಬೆನ್ನು ಹಾಕಿ ಬೆಟ್ಟದ ಕಡೆ ತಿರುಗಿದೆವು. ದಾರಿ ಅಲ್ಲಲ್ಲಿ ತಟ್ಟೆಯ ಹಾಗೆ ತಗ್ಗಿಗೆ ಇಳಿದು ಮೇಲೇರುತ್ತದೆ. ಆ ತಗ್ಗಿನ ಬದಿಯಲ್ಲೆಲ್ಲ ಕೆಂಪು ಬಿಳಿ ಬಳಿದ ಕಂಬಗಳು. ಏನೆಂದು ಕೇಳಿದೆ.

"ವಾದಿ ಮಾವ. ಹೊಳೆ ದಾಟುವ ಜಾಗ. ನೀರು ಕೆಂಪಿಗೆ ಬಂದ್ರೆ ಇಳಿಯುವ ಹಾಗಿಲ್ಲ."

ಕಣ್ಣು ಹಾಯಿಸಿದಷ್ಟು ದೂರ ಕಲ್ಲು. ಒಂದು ಆಡು ನಿಂತು ಒಣ ಮುಳ್ಳುಗಿಡ ಜಗಿಯುತ್ತಿತ್ತು. ನೀರಿಲ್ಲದ ಹೊಳೆ, ಅದಕ್ಕೆ ಅಳತೆಯ ಕಂಬ. ಈ ಕಂಬಗಳ ಗುತ್ತಿಗೆ ಯಾರಿಗೆ ಸಿಕ್ಕಿತ್ತೋ ಎಂದು ನಾನು ಯೋಚಿಸುತ್ತಿರುವಾಗ ಎದುರಿನ ಬೆಟ್ಟ ಕಾಣದಾಯಿತು.

ಹನಿ ಬೀಳಲಿಲ್ಲ, ಒಟ್ಟಿಗೇ ಸುರಿಯಿತು. ಉಮೇಶ ಗಾಬರಿಯಾಗದೆ ಸ್ವಿಚ್ ತಿರುಗಿಸಿದ. ವೈಪರ್ ಒಮ್ಮೆ ಎದ್ದು ಗಾಜನ್ನು ದಾಟಿತು, ಮರಳಿ ಬರುವಾಗ ಅದರ ರಬ್ಬರು ಒಣಗಿದ ಹಾವಿನ ಪೊರೆಯ ಹಾಗೆ ಕಳಚಿ ಗಾಳಿಯಲ್ಲಿ ಹೋಯಿತು. ಎರಡನೆಯದು ಚೂರು ಚೂರಾಗಿ ಉದುರಿತು. ಆಮೇಲೆ ಉಳಿದದ್ದು ಗಾಜಿನ ಮೇಲೆ ತಗಡು ಕೆರೆಯುವ ಶಬ್ದ. ಅವನು ಕಾರನ್ನು ಬದಿಗೆ ತಂದು ನಿಲ್ಲಿಸಿದ.

"ನಿನ್ನೆ ಹಾಕಿದ ವೈಪರ್! ಆ ಹಮೀದನಿಗೆ ಎಂತ ಮಾಡ್ಬೇಕು ಹೇಳಿ ಮಾವ!"

ಇಲ್ಲಿ ಒಂದು ಕ್ಷಣ ನನ್ನೆದುರು ಎರಡು ದಾರಿ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಉಪ್ಪಿನಂಗಡಿಯವನು ಅಲ್ಲಿರಲಿಲ್ಲ. ಆದರೆ ಮೂವತ್ತೊಂದು ವರ್ಷ ಯಾರ ಮೇಲೂ ಸುಳ್ಳು ಕೇಸು ಬರೆದವನಲ್ಲ ನಾನು.

"ಅವನು ಹಾಕ್ಲಿಕ್ಕೆ ಹೊರಟಿದ್ದ" ಎಂದೆ. "ನಾನೇ ಬೇಡ ಹೇಳಿದೆ. ಮಳೆ ಕಾಣದ ವೈಪರ್ ಹೊಸತರ ಹಾಗೆಯೇ ಅಲ್ವಾ ಅಂತ..."

ಉಮೇಶ ವೈಪರಿನ ಸ್ವಿಚ್ ಆರಿಸಿದ. ಹಿಂದಿನಿಂದ ನನ್ನ ಹೆಂಡತಿ ಹೇಳಿದಳು: "ರಿಟೈರಾಗಿ ಐದು ವರ್ಷ ಆಯ್ತು. ಇವರು ಬಸ್ಸಿನಿಂದ ಇನ್ನೂ ಇಳಿದಿಲ್ಲ."

ಗಂಟೆ ಹನ್ನೊಂದು ದಾಟಿತ್ತು. ರುಸ್ತಾಕ್ ಇನ್ನೂ ಅರ್ಧ ಗಂಟೆಯ ದಾರಿ, ಅದೂ ಕಣ್ಣು ಕಂಡರೆ. ಗಾಜಿನ ಮೇಲೆ ನೀರು ಗಂಟುಗಂಟಾಗಿ ನಿಂತು ಮುಂದಿನ ಲೋಕವೆಲ್ಲ ಕಲಸಿಹೋಗಿತ್ತು. ಉಮೇಶ ಕಿಟಕಿಯಿಂದ ತಲೆ ಹೊರಹಾಕಿ ನೂರು ಗಜ ಓಡಿಸಿ ನೋಡಿದ. ಎದುರು ಬಂದ ಲಾರಿಯ ಹಾರನ್ ಆ ತಲೆಯನ್ನು ಒಳಕ್ಕೆ ಕಳಿಸಿತು. ಶೋಭಾ ಚೀಲವನ್ನು ಎದೆಗೊತ್ತಿಕೊಂಡು ಮೆಲ್ಲಗೆ ಹೇಳಿದಳು: "ಬೇಡ. ಸಹಿ ಸಿಕ್ಕದಿದ್ರೆ ಊರಿಗೆ ಹೋಗುವ. ಜೀವಕ್ಕಿಂತ ದೊಡ್ಡದಾ?"

ಆಗ ನನಗೆ ನಮ್ಮ ಘಟ್ಟದ ರೂಟಿನ ಡ್ರೈವರುಗಳು ನೆನಪಾದರು. ನಡುದಾರಿಯಲ್ಲಿ ವೈಪರ್ ಕೆಟ್ಟರೆ ಅವರು ಬೀಡಿ ಬಿಚ್ಚಿ ಹೊಗೆಸೊಪ್ಪನ್ನು ಒದ್ದೆ ಮಾಡಿ ಗಾಜಿಗೆ ತಿಕ್ಕುತ್ತಿದ್ದರು. ತಿಕ್ಕಿದ ಗಾಜಿನಲ್ಲಿ ನೀರು ಹನಿಯಾಗಿ ನಿಲ್ಲುವುದಿಲ್ಲ, ಪರದೆಯಾಗಿ ಜಾರುತ್ತದೆ, ಆಚೆ ಕಾಣುತ್ತದೆ. ಉಮೇಶ ಬೀಡಿ ಸಿಗರೇಟು ಮುಟ್ಟುವವನಲ್ಲ. ಆ ಕಲ್ಲುಗಾಡಿನಲ್ಲಿ ಅಂಗಡಿ ಇಲ್ಲ. ಐದು ಜನರಿದ್ದ ಆ ಕಾರಿನಲ್ಲಿ ಹೊಗೆಸೊಪ್ಪು ಇದ್ದದ್ದು ಒಂದೇ ಜಾಗದಲ್ಲಿ.

ಟಿಕೆಟ್ಟಿಲ್ಲದ ಪ್ರಯಾಣಿಕ ಸಿಕ್ಕಿಬೀಳುವ ಮೊದಲು ಕಿಟಕಿಯ ಹೊರಗೆ ನೋಡುತ್ತಾನೆ. ನಾನೂ ನೋಡಿದೆ. ನಂತರ ಜೇಬಿನಿಂದ ಡಬ್ಬಿ ತೆಗೆದು, ತೆರೆದು, ಇಳಿದೆ. ಎಲೆಯನ್ನು ಮಳೆಯಲ್ಲೇ ನೆನೆಸಿ ಗಾಜಿನ ಮೇಲಿಂದ ಕೆಳಗೆ ತಿಕ್ಕತೊಡಗಿದೆ. ಗಾಜಿನಾಚೆ ನಾಲ್ಕು ಮುಖಗಳು ಒಂದೊಂದಾಗಿ ಸ್ಪಷ್ಟವಾಗುತ್ತ ಬಂದವು. ಮೊದಲು ಸ್ಪಷ್ಟವಾದದ್ದು ಹೆಂಡತಿಯ ಮುಖ.

"ಕನ್ನಡಕದ ಡಬ್ಬಿಯಲ್ಲಿ!" ಎಂದಳು ಅವಳು.

"ಅಪ್ಪ, ಪತ್ರದಲ್ಲಿ ಬರೆದಿದ್ರಲ್ಲ!" ಎಂದಳು ಶೋಭಾ.

"ಅಜ್ಜ, ಯು ಲೈಡ್" ಎಂದಳು ನಿಶಾ, ಯಾವ ಭಾವನೆಯೂ ಇಲ್ಲದೆ.

ಮಳೆಯಲ್ಲಿ ನಿಂತವನಿಗೆ ಉತ್ತರ ಕೊಡದಿರುವ ಸ್ವಾತಂತ್ರ್ಯವಿರುತ್ತದೆ.

ಆ ಹೊತ್ತಿಗೆ ಒಂದು ಪಿಕಪ್ ಬಂದು ನಿಂತಿತು. ಇಳಿದವನು ಬಿಳಿಗಡ್ಡದ ಒಬ್ಬ ಒಮಾನಿ ಮುದುಕ. ಮಳೆ ಬಂದರೆ ನಾವು ಒಳಗೆ ಓಡುತ್ತೇವೆ. ಈತ ಮುಖವನ್ನು ಮೇಲಕ್ಕೆತ್ತಿ, ಮದುವೆಮನೆಯಲ್ಲಿ ಪನ್ನೀರು ಎರಚಿಸಿಕೊಂಡವನ ಹಾಗೆ ನಗುತ್ತಿದ್ದ. ನನ್ನ ಕೈಯಲ್ಲಿದ್ದ ಎಲೆಯನ್ನು ನೋಡಿದ, ಗಾಜನ್ನು ನೋಡಿದ, ಕಳಚಿದ ವೈಪರನ್ನು ನೋಡಿದ. "ಯಲ್ಲಾ, ಯಲ್ಲಾ" ಎಂದು ತನ್ನ ಹಿಂದೆ ಬರುವಂತೆ ಕೈ ಮಾಡಿದ.

"ಎಲ್ಲಿಗೆ ಕರ್ಕೊಂಡು ಹೋಗ್ತಾನೆ ಇವನು?" ಎಂದೆ ಒಳಗೆ ಕುಳಿತು.

"ಮಾವ," ಎಂದ ಉಮೇಶ. ಅಷ್ಟೇ ಎಂದ.

ಪಿಕಪ್ಪಿನ ಕೆಂಪು ದೀಪ ಹಿಡಿದುಕೊಂಡು ಹೋದೆವು. ಆಡು ನಿಂತಿದ್ದಂಥದೇ ಒಂದು ತಗ್ಗು ಬಂತು. ಆಡು ಇದ್ದಿರಬೇಕಾದಲ್ಲಿ ಈಗ ಕೆಸರು ಬಣ್ಣದ ಹೊಳೆ. ಮುದುಕ ಪಿಕಪ್ಪನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಇಳಿದು ಕಂಬದ ಕಡೆ ಬೆರಳು ತೋರಿಸಿದ. ನೀರು ಕೆಂಪನ್ನು ಮುಟ್ಟಿತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನಾನು ಅವನನ್ನೇ ನೋಡುತ್ತಿದ್ದೆ. ಎಷ್ಟು ಹಣ ಕೇಳುತ್ತಾನೋ, ಯಾವಾಗ ಕೇಳುತ್ತಾನೋ ಎಂದು. ಅವನು ಫ್ಲಾಸ್ಕಿನಿಂದ ಪುಟ್ಟ ಬಟ್ಟಲಿಗೆ ಕಹ್ವಾ, ಅಂದರೆ ಅರಬ್ಬಿ ಕಾಫಿ, ಸುರಿದು ಕಿಟಕಿಯಿಂದ ಕೊಟ್ಟ. ಮೂಸಿ ನೋಡಿ ಕುಡಿದೆ. ಏಲಕ್ಕಿ ಇತ್ತು. ಕಂಬದ ಕೆಂಪು ಪೂರ್ತಿ ಹೊರಗೆ ಬಂದ ಮೇಲೆ ಅವನು ಮೊಣಕಾಲಿನವರೆಗೆ ನಿಲುವಂಗಿ ಎತ್ತಿ, ಕೋಲಿನಿಂದ ನೀರಿನ ಆಳ ನೋಡುತ್ತ ಆಚೆ ತನಕ ನಡೆದು, ಮರಳಿ ಬಂದು, ಪಿಕಪ್ ಹತ್ತಿ, ಮುಂದೆ ದಾಟಿ, ನಮ್ಮನ್ನು ಕರೆದ. ಹೊಸ ಟಯರುಗಳು ಕೆಸರನ್ನು ಕಚ್ಚಿ ಹಿಡಿದವು. ದಾಟಿದೆವು.

ಇನ್ನೆರಡು ಮೈಲಿ ಮುಂದೆ ಅವನು ಒಂದು ತೋಟದ ದಾರಿಗೆ ತಿರುಗಿಕೊಂಡ. ಹಾರನ್ನೂ ಹೊಡೆಯಲಿಲ್ಲ. ಅವನ ಬಟ್ಟಲು ನನ್ನ ಕೈಯಲ್ಲೇ ಉಳಿದಿತ್ತು. ಅವನು ಏನೂ ಕೇಳಲಿಲ್ಲವೆಂಬುದನ್ನು ನಾನು ಈವರೆಗೂ ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ತಿಳಿಯದೆ ಇದ್ದೇನೆ.

ರುಸ್ತಾಕ್

ನಡುವೆ ಎರಡು ಸಲ ಇಳಿದು ಗಾಜು ತಿಕ್ಕಿದೆ. ಎರಡನೆಯ ಸಲಕ್ಕೆ ಡಬ್ಬಿ ಖಾಲಿಯಾಯಿತು. ಕೋಟೆಯ ಗೋಡೆ ದಾಟಿ ಕಫೀಲರ ತೋಟ ಸೇರುವಾಗ ನಮಾಜು ಮುಗಿದಿತ್ತು. ಅವರು ಕಾರಿನಲ್ಲಿ ಕುಳಿತಾಗಿತ್ತು, ಇಂಜಿನ್ನೂ ಓಡುತ್ತಿತ್ತು. ಉಮೇಶ ಕೆಸರಿನಲ್ಲಿ ಓಡಿದ. ಅವನ ಹಿಂದೆ ಚೀಲ ಹಿಡಿದು ಶೋಭಾ ಓಡಿದಳು.

ಕಫೀಲರು ಗಾಜು ಇಳಿಸಿದರು. ಕಾಗದ ನೋಡುವ ಮೊದಲು ಅವರು ನೋಡಿದ್ದು ನಮ್ಮ ಕಾರನ್ನು. ಮುಂದಿನ ಗಾಜೆಲ್ಲ ಕಂದು ಗೆರೆ, ಅದರಾಚೆ ತಲೆಯಿಂದ ನೀರಿಳಿಯುತ್ತ ನಾನು. ಉಮೇಶ ಅರ್ಧ ಅರಬ್ಬಿ, ಅರ್ಧ ಹಿಂದಿಯಲ್ಲಿ ನಡೆದದ್ದನ್ನು ಹೇಳಿದ. ಮಾವನ ವಿಷಯವನ್ನು ಬಿಟ್ಟು ಹೇಳಬಹುದಿತ್ತು. ಬಿಡಲಿಲ್ಲ.

ಕಫೀಲರು ಮುಂಬೈಯಲ್ಲಿ ವ್ಯಾಪಾರ ಮಾಡಿದವರಂತೆ. ಹಿಂದಿ ನನಗಿಂತ ಚೆನ್ನಾಗಿತ್ತು. ನನ್ನನ್ನು ಹತ್ತಿರ ಕರೆದು ಕೇಳಿದರು: "ವರ್ಷಕ್ಕೆ ನಾಲ್ಕು ತಿಂಗಳು ಮಳೆ ಬರುವ ಊರಿನಿಂದ ಬಂದಿದ್ದೀರಿ. ವೈಪರ್ ಇಲ್ಲದೆ ಬಂದಿರಾ?"

ಅವರು ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು, ಒದ್ದೆಯಾಗದಂತೆ ಶೋಭಾ ಹಿಡಿದ ಚೀಲದ ಕೆಳಗೆ ಎರಡು ಕಡೆ ಸಹಿ ಹಾಕಿದರು. ಶೋಭಾ ಅದನ್ನು ತೆಗೆದುಕೊಂಡು, ಮಡಿಸಿ, ನನ್ನ ಕಡೆ ಕೈ ಚಾಚಿದಳು. ನಾನು ಕನ್ನಡಕದ ಡಬ್ಬಿಯನ್ನು ಕೊಟ್ಟೆ. ಅವಳು ತೆರೆದು, ಬೆರಳಾಡಿಸಿ, ಮೂಸಿ ನೋಡಿ, ತನ್ನ ಚೀಲಕ್ಕೆ ಹಾಕಿಕೊಂಡಳು. ಕ್ರಮಬದ್ಧವಾದ ತಪಾಸಣೆ, ನಾನು ಮಾಡಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಶನಿವಾರ ಉಮೇಶ ಕಾರನ್ನು ಮತ್ತೆ ಅಲ್ ಮಬೇಲಾಕ್ಕೆ ಕೊಂಡುಹೋದ. ನನ್ನನ್ನು ಕರೆಯಲಿಲ್ಲ. ಎರಡೂ ವೈಪರುಗಳನ್ನು ಬದಲಿಸಲಾಯಿತು. ವೀಸಾ ನವೀಕರಣವಾಯಿತು.